ಕಚೇರಿ ಗೋಪುರಗಳ ನಡುವೆ ಮನೆ ಮಾಡುವವರಿಗೆ

ಕಚೇರಿಗಳೇ ತುಂಬಿದ ನಗರಕೇಂದ್ರದಲ್ಲಿ ಮನೆ ಹುಡುಕುವವರು ಸಾಮಾನ್ಯವಾಗಿ ನೋಡಲು ಹೋಗುವುದು ಭಾನುವಾರ ಬೆಳಿಗ್ಗೆ. ಆಗ ರಸ್ತೆ ಖಾಲಿ, ಲಿಫ್ಟ್ ಕರೆದ ತಕ್ಷಣ ಬರುತ್ತದೆ, ಕಿಟಕಿ ತೆರೆದರೆ ಹಕ್ಕಿಯ ದನಿಯೂ ಕೇಳೀತು. ವಾರದ ಉಳಿದ ಆರು ದಿನ ಆ ಜಾಗ ಹೇಗಿರುತ್ತದೆ ಎಂಬುದಕ್ಕೆ ಆ ಹೊತ್ತು ಯಾವ ಸಾಕ್ಷಿಯೂ ಅಲ್ಲ.

ಇಂಥ ಪ್ರದೇಶದಲ್ಲಿ ಎಲ್ಲವೂ ಕಚೇರಿಗೆ ಬಂದು ಹೋಗುವವರ ವೇಳೆಗೆ ತಕ್ಕಂತೆ ನಡೆಯುತ್ತದೆ. ಲಂಡನ್ನಿನ ಹಳೆಯ ಹಣಕಾಸು ಕೇಂದ್ರವಾದ 'ಸಿಟಿ'ಯಲ್ಲಿ 2021ರ ಜನಗಣತಿಯ ಪ್ರಕಾರ ವಾಸವಿದ್ದವರು ಸುಮಾರು 8,600 ಮಂದಿ; ಕೆಲಸಕ್ಕೆ ಬರುವವರು 5 ಲಕ್ಷಕ್ಕೂ ಹೆಚ್ಚು. ಅಂಗಡಿ ಬಾಗಿಲು ತೆರೆಯುವುದು, ಕಸ ಎತ್ತುವುದು, ಸರಕು ಇಳಿಸುವುದು, ರಸ್ತೆ ಅಗೆಯುವುದು ಎಲ್ಲವೂ ಆ ದೊಡ್ಡ ಸಂಖ್ಯೆಯ ಅನುಕೂಲಕ್ಕೆ. ಕಚೇರಿಯವರಿಗೆ ತೊಂದರೆಯಾಗಬಾರದೆಂದು ಯಾವ ಕೆಲಸವನ್ನು ರಾತ್ರಿಗೆ ತಳ್ಳುತ್ತಾರೋ ಅದು ನಿಮ್ಮ ನಿದ್ದೆಯ ಹೊತ್ತಿಗೆ ಬಂದು ಬೀಳುತ್ತದೆ. ಹಾಗಾಗಿ ಇಲ್ಲಿ ಮನೆಯ ನಕ್ಷೆಗಿಂತ ಮೊದಲು ನೋಡಬೇಕಾದದ್ದು ಗಡಿಯಾರ.

ಯಾವ ಹೊತ್ತಿಗೆ ಹೋಗಿ ನೋಡಬೇಕು

ಮುಂಗಡ ಕೊಡುವ ಮೊದಲು ಕನಿಷ್ಠ ನಾಲ್ಕು ಸಲ ಹೋಗಿ. ಒಳಗೆ ಬಿಡದಿದ್ದರೆ ಕಟ್ಟಡದ ಸುತ್ತ ಒಂದು ಸುತ್ತು ಬಂದರೂ ಸಾಕು.

ಮೊದಲನೆಯದು, ಕೆಲಸದ ದಿನ ಬೆಳಿಗ್ಗೆ 8.30ರಿಂದ 9.30. ಲಿಫ್ಟ್ ಬಟನ್ ಒತ್ತಿ ಎಷ್ಟು ಹೊತ್ತಿಗೆ ಬರುತ್ತದೆಂದು ಐದು ಸಲ ಎಣಿಸಿ. ಒಂದು ನಿಮಿಷದೊಳಗೆ ಬಂದರೆ ಒಳ್ಳೆಯದು; ಎರಡು ನಿಮಿಷ ದಾಟುತ್ತಿದ್ದರೆ ದಿನಕ್ಕೆ ನಾಲ್ಕು ಸಲ ಇಳಿದು ಹತ್ತುವವರಿಗೆ ಅದು ದೊಡ್ಡ ತಲೆನೋವು. ಕೆಳಗಿನ ಮಹಡಿಗಳಲ್ಲಿ ಕಚೇರಿ, ಮೇಲೆ ಮನೆ ಎಂಬ ಮಿಶ್ರ ಕಟ್ಟಡವಾದರೆ ಮನೆಯವರಿಗೆ ಬೇರೆ ಲಿಫ್ಟ್, ಬೇರೆ ಬಾಗಿಲು ಇದೆಯೇ ಎಂಬುದು ಬಾಡಿಗೆಯಷ್ಟೇ ಮುಖ್ಯವಾದ ಪ್ರಶ್ನೆ. ನೆಲಮಾಳಿಗೆಯಿಂದ ಕಾರು ಮುಖ್ಯರಸ್ತೆಗೆ ಬರಲು ಎಷ್ಟು ಹೊತ್ತಾಗುತ್ತದೆ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಎರಡನೆಯದು ಮಧ್ಯಾಹ್ನ 1ರಿಂದ 2. ಕೆಳಗಿನ ಹೋಟೆಲುಗಳ ಅಡುಗೆಹೊಗೆ ಹೊರಬೀಳುವ ಕೊಳವೆ ಎಲ್ಲಿದೆ, ಅದರ ವಾಸನೆ ಯಾವ ಮಹಡಿಯವರೆಗೆ ಏರುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಮೂರನೆಯದು ವಾರದ ಕೊನೆಯ ಕೆಲಸದ ದಿನ ರಾತ್ರಿ 11ರ ನಂತರ: ಸುತ್ತಮುತ್ತ ಬಾರ್ ಇದ್ದರೆ ಗದ್ದಲ ಬರುವುದು ಒಳಗಿನ ಸಂಗೀತದಿಂದಲ್ಲ, ಹೊರಗೆ ನಿಂತು ಟ್ಯಾಕ್ಸಿಗೆ ಕಾಯುವವರಿಂದ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ, ಯಾರೂ ಹೋಗದ ಹೊತ್ತೂ ಅದೇ: ಬೆಳಗಿನ ಜಾವ 4.30ರಿಂದ 6. ಕಸ ಅದುಮುವ ಲಾರಿ, ಗಾಜಿನ ಬಾಟಲಿಗಳನ್ನು ಡಬ್ಬಕ್ಕೆ ಸುರಿಯುವ ಸದ್ದು, ಹಿಂದಕ್ಕೆ ಬರುವ ಸರಕು ಗಾಡಿಯ 'ಪೀಂ ಪೀಂ', ರಸ್ತೆ ತೊಳೆಯುವ ಯಂತ್ರ ಎಲ್ಲ ಆ ಹೊತ್ತಿನ ಅತಿಥಿಗಳು. ಮನೆ ತೋರಿಸುವವರು 'ಹಿಂಬದಿಯ ಫ್ಲ್ಯಾಟ್, ತುಂಬ ಶಾಂತ' ಎಂದರೆ ಆ ಹಿಂಬದಿಯಲ್ಲಿ ಏನಿದೆ ನೋಡಿ. ಸರಕು ಇಳಿಸುವ ಓಣಿ ಇದ್ದರೆ ಹಗಲಿಡೀ ಶಾಂತ, ಜಾವಕ್ಕೆ ಸಂತೆ. ಮುಖ್ಯರಸ್ತೆಯ ಸದ್ದು ಜೋರಾದರೂ ಒಂದೇ ಸಮನೆ ಇರುತ್ತದೆ, ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿದ್ದೆ ಕೆಡಿಸುವುದು ಮೌನದ ನಡುವೆ ಥಟ್ಟನೆ ಬರುವ ಸದ್ದು.

ಭಾನುವಾರ ಹೋಗುವುದಾದರೆ ಮನೆ ನೋಡಲು ಬೇಡ, ಹತ್ತು ನಿಮಿಷದ ನಡಿಗೆಯೊಳಗೆ ಔಷಧಿ, ತರಕಾರಿ, ಹಾಲು ಸಿಗುತ್ತದೆಯೇ ನೋಡಲು ಹೋಗಿ. ಕಚೇರಿ ಪ್ರದೇಶದ ಅಂಗಡಿಗಳಲ್ಲಿ ಕಾಫಿ, ಬಟ್ಟೆ ಇಸ್ತ್ರಿ, ಫೋನ್ ಚಾರ್ಜರ್ ಧಾರಾಳವಾಗಿ ಸಿಗುತ್ತವೆ, ಈರುಳ್ಳಿ ಸಿಗುವುದಿಲ್ಲ.

ಕಿಟಕಿಯಿಂದಾಚೆ

ಒಳಗೆ ಹೋದ ಕೂಡಲೇ ಅಡುಗೆಮನೆ ಕಪಾಟು ತೆರೆದು ನೋಡುವ ಬದಲು ಕಿಟಕಿಯ ಬಳಿ ನಿಂತು ಪಕ್ಕದ ಕಟ್ಟಡದ ತಾರಸಿ ನೋಡಿ. ಕೂಲಿಂಗ್ ಟವರ್, ಎ.ಸಿ. ಯಂತ್ರಗಳ ಸಾಲು, ಹೊಗೆ ಕೊಳವೆ, ಜನರೇಟರಿನ ಚಿಮಣಿ ನಿಮ್ಮ ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಗೋ ಇದ್ದರೆ ಆ ಮನೆ ಬಿಡುವುದು ಮೇಲು. ಅದೇ ಕಟ್ಟಡದಲ್ಲಿ ಐದಾರು ಮಹಡಿ ಮೇಲೆ ಹೋದರೆ ಅದೇ ಯಂತ್ರದ ಸದ್ದು ಎಷ್ಟೋ ಕಡಿಮೆ. ಯಂತ್ರದಂಥ ಒಂದೇ ಬಿಂದುವಿನಿಂದ ಬರುವ ಸದ್ದು ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಉದ್ದಕ್ಕೆ ಹರಿಯುವ ರಸ್ತೆಯ ಸದ್ದು ಇಳಿಯುವುದು 3 ಡೆಸಿಬೆಲ್ ಮಾತ್ರ. ಆದ್ದರಿಂದ ಮೇಲಿನ ಮಹಡಿ ಯಂತ್ರದಿಂದ ಪಾರುಮಾಡುವಷ್ಟು ಸುಲಭವಾಗಿ ರಸ್ತೆಯಿಂದ ಪಾರುಮಾಡುವುದಿಲ್ಲ.

ಜನರೇಟರನ್ನು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಓಡಿಸಿ ಪರೀಕ್ಷೆ ಮಾಡುತ್ತಾರೆ. ಯಾವ ದಿನ, ಎಷ್ಟು ಹೊತ್ತು ಎಂದು ಕಾವಲುಗಾರರನ್ನು ಕೇಳಿ. ಕಟ್ಟಡದ ಬಗ್ಗೆ ದಲ್ಲಾಳಿಗಿಂತ ಅವರಿಗೇ ಹೆಚ್ಚು ಗೊತ್ತಿರುತ್ತದೆ, ಸುಳ್ಳು ಹೇಳುವ ಅಗತ್ಯವೂ ಅವರಿಗಿಲ್ಲ.

ಎದುರಿಗೆ ಹಳೆಯ ಎರಡು ಮಹಡಿ ಕಟ್ಟಡವೋ ಕಾರು ನಿಲ್ಲಿಸುವ ಬಯಲೋ ಇದ್ದು ಬೆಳಕು ಚೆನ್ನಾಗಿ ಬರುತ್ತಿದ್ದರೆ ಹಿಗ್ಗಬೇಡಿ. ಕಚೇರಿ ಪ್ರದೇಶದಲ್ಲಿ ಅಂಥ ನಿವೇಶನ ಹೆಚ್ಚು ವರ್ಷ ಹಾಗೇ ಉಳಿಯುವುದಿಲ್ಲ. ಅಲ್ಲಿ ಕಟ್ಟಲು ಅರ್ಜಿ ಹಾಕಿದ್ದಾರೆಯೇ ಎಂದು ಸ್ಥಳೀಯ ಆಡಳಿತದ ಯೋಜನಾ ವಿಭಾಗದಲ್ಲಿ ವಿಚಾರಿಸಿ. ಬೆಳಕಿನ ಜಗಳ ಇಂದಿನದಲ್ಲ: ನ್ಯೂಯಾರ್ಕಿನಲ್ಲಿ 1915ರಲ್ಲಿ ಎದ್ದ ಈಕ್ವಿಟಬಲ್ ಕಟ್ಟಡ ಸುತ್ತಲಿನ ಬೀದಿಗಳಿಗೆ ನೆರಳು ಕವಿಸಿದ ಮೇಲೆ, 1916ರಲ್ಲಿ ಕಟ್ಟಡಗಳು ಮೇಲೇರಿದಂತೆ ಹಿಂದೆ ಸರಿಯಬೇಕೆಂಬ ನಿಯಮ ಬಂತು. ಈಗಿರುವ ಬೆಳಕನ್ನು ಅಳೆಯುವುದಕ್ಕೆ ಒಂದು ಸುಲಭ ದಾರಿ ಇದೆ. ಕಿಟಕಿಯ ನಡುಮಟ್ಟದಲ್ಲಿ ಫೋನ್ ಹಿಡಿದು, ಕೋನ ತೋರಿಸುವ ಆ್ಯಪ್‌ನಿಂದ ಎದುರು ಕಟ್ಟಡದ ತುದಿಗೆ ಗುರಿಯಿಡಿ. ಅಡ್ಡಗೆರೆಯಿಂದ 25 ಡಿಗ್ರಿಗಿಂತ ಕಡಿಮೆ ಇದ್ದರೆ ಹಗಲುಬೆಳಕಿಗೆ ಹೆಚ್ಚು ಅಡ್ಡಿಯಿಲ್ಲ. 45 ಡಿಗ್ರಿ ದಾಟಿದ್ದರೆ ಹಗಲಲ್ಲೂ ದೀಪ ಹಾಕಿಕೊಂಡಿರುವ ಮನೆ ಎಂದುಕೊಳ್ಳಿ.

ಗಾಜಿನ ಗೋಡೆಯ ಕಟ್ಟಡ ಎದುರಿಗಿದ್ದರೆ ಬಿಸಿಲು ಎರಡು ಸಲ ಬರುತ್ತದೆ, ನೇರವಾಗಿ ಒಮ್ಮೆ, ಪ್ರತಿಫಲಿಸಿ ಇನ್ನೊಮ್ಮೆ. ಉತ್ತರ ದಿಕ್ಕಿನ ಕೋಣೆಯೂ ಹೀಗೆ ಕಾಯಬಹುದು. 2013ರಲ್ಲಿ ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಗೋಪುರದ ಒಳಬಾಗಿದ ಗಾಜಿನ ಮುಖ ಬಿಸಿಲನ್ನು ಒಂದೆಡೆ ಕೂಡಿಸಿ, ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನ ಭಾಗಗಳನ್ನೇ ಕರಗಿಸಿತ್ತು.

ಸದ್ದು: ಮೊದಲು ಸಂದು ಮುಚ್ಚಿ, ಆಮೇಲೆ ಗಾಜು

ಮಲಗುವ ಕೋಣೆಯೊಳಗೆ ರಾತ್ರಿಯ ಸರಾಸರಿ 30 ಡೆಸಿಬೆಲ್, ಒಂದೊಂದು ಬಿಡಿ ಸದ್ದು 45 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ಫೋನಿನ ಆ್ಯಪ್ ಕರಾರುವಾಕ್ಕಾಗಿ ಅಳೆಯುವುದಿಲ್ಲ, ಆದರೆ ಹೋಲಿಕೆಗೆ ಸಾಕು. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸರಿಸುಮಾರು ಎರಡರಷ್ಟಾದಂತೆ ಕೇಳುತ್ತದೆ.

ಕಿಟಕಿ ಮುಚ್ಚಿ ಒಳಗೊಮ್ಮೆ ಅಳೆಯಿರಿ, ಕೈ ಹೊರಚಾಚಿಯೋ ಬಾಲ್ಕನಿಯಲ್ಲೋ ಇನ್ನೊಮ್ಮೆ. ವ್ಯತ್ಯಾಸ 20 ಡೆಸಿಬೆಲ್ ಆಸುಪಾಸಿನಲ್ಲೇ ನಿಂತರೆ ತಪ್ಪು ಬಹುಶಃ ಗಾಜಿನದಲ್ಲ, ಸಂದಿನದು. ಗೋಡೆಯ ಮೇಲ್ಮೈಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ, ಉಳಿದ 99 ಪಾಲು ಎಷ್ಟೇ ಗಟ್ಟಿಯಾಗಿದ್ದರೂ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ದುಬಾರಿ ಗಾಜು ಹಾಕಿಸಿಯೂ 'ಏನೂ ಬದಲಾಗಲಿಲ್ಲ' ಎನ್ನುವವರ ಮನೆಯಲ್ಲಿ ಆಗಿರುವುದು ಹೆಚ್ಚಾಗಿ ಇದೇ.

ಕೆಲಸದ ಕ್ರಮ ಹೀಗೆ. ಕಾಗದದ ಪಟ್ಟಿಯೊಂದನ್ನು ಚೌಕಟ್ಟಿಗೆ ಸಿಕ್ಕಿಸಿ ಕಿಟಕಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಪಟ್ಟಿ ಸವೆದಿದೆ. ಹೀಗೆ ನಾಲ್ಕೂ ಬದಿಯಲ್ಲಿ, ಒಂದೊಂದು ಗೇಣಿಗೊಮ್ಮೆ ನೋಡಿ. ಪಟ್ಟಿ ಬದಲಿಸಿದ ಮೇಲೆ ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿಗೆ, ಒಣಗಿದ ಮೇಲೂ ಮೆತ್ತಗೇ ಉಳಿಯುವ ಸೀಲಂಟ್ ತುಂಬಿ. ಸಿಮೆಂಟ್ ಬೇಡ, ಕಟ್ಟಡ ಅಲುಗಿದಾಗ ಮತ್ತೆ ಬಿರಿಯುತ್ತದೆ. ಜಾರುವ ಕಿಟಕಿಗಿಂತ, ಬಾಗಿಲಿನಂತೆ ತೆರೆದು ಒತ್ತಿ ಮುಚ್ಚುವ ಕಿಟಕಿ ಸದ್ದು ತಡೆಯುವುದರಲ್ಲಿ ಸಾಮಾನ್ಯವಾಗಿ ಮುಂದು. ಜಾರಲು ಸಂದು ಬಿಡಲೇಬೇಕು, ಸಂದು ಬಿಟ್ಟರೆ ಸದ್ದು ಬರಲೇಬೇಕು.

ಇಷ್ಟಾದರೂ ಸಾಲದಿದ್ದರೆ ಈಗಿರುವ ಕಿಟಕಿಯ ಒಳಬದಿಗೆ ಇನ್ನೊಂದು ಕಿಟಕಿ ಕೂರಿಸಿ. ಎರಡರ ನಡುವೆ 100ರಿಂದ 150 ಮಿಲಿಮೀಟರ್ ಅಂತರ ಇರಲಿ. ಮಾಮೂಲಿ ಜೋಡಿ ಗಾಜಿನ ನಡುವಿನ 12ರಿಂದ 16 ಮಿಲಿಮೀಟರ್ ಅಂತರ ಶಾಖಕ್ಕೆ ಸರಿ, ಬಸ್ಸು ಲಾರಿಗಳ ಗುಡುಗಿಗೆ ಸಾಲದು. ಎರಡೂ ಗಾಜಿನ ದಪ್ಪ ಒಂದೇ ಆಗಿದ್ದರೆ ಎರಡೂ ಒಂದೇ ಸ್ವರಕ್ಕೆ ಕಂಪಿಸುತ್ತವೆ, ಆ ಸ್ವರ ಸೀದಾ ಒಳಬರುತ್ತದೆ. ಹೊರಗೆ 4 ಮಿಲಿಮೀಟರ್ ಇದ್ದರೆ ಒಳಗೆ 6.4 ಮಿಲಿಮೀಟರಿನ, ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಹಾಕಿಸಿ.

ದಪ್ಪ ಪರದೆಯಿಂದ ಕೋಣೆಯೊಳಗಿನ ಮಾರ್ದನಿ ತಗ್ಗುತ್ತದೆ, ಹೊರಗಿನ ಸದ್ದು ನಿಲ್ಲುವುದಿಲ್ಲ. ಪರದೆ ಬೇಕಿರುವುದು ಬೆಳಕಿಗೆ. ಎದುರಿನ ಜಾಹೀರಾತು ಫಲಕ, ರಾತ್ರಿಯಿಡೀ ಉರಿಯುವ ಕಚೇರಿ ದೀಪ ಮರೆಯಾಗಬೇಕಾದರೆ ಪರದೆ ಕಿಟಕಿಯ ಅಂಚಿನಿಂದ ಎರಡೂ ಬದಿಗೆ 15ರಿಂದ 20 ಸೆಂಟಿಮೀಟರ್ ಹೆಚ್ಚಿಗೆ ಇರಬೇಕು.

ಒಳಗಿನ ಸದ್ದಿಗೆ ಖರ್ಚಿಲ್ಲದ ಮದ್ದೂ ಇದೆ. ಮಂಚದ ತಲೆ ಲಿಫ್ಟ್ ಗೋಡೆಗೆ, ಕಸದ ಕೊಳವೆಯ ಗೋಡೆಗೆ, ನೀರಿನ ಪೈಪ್ ಏರುವ ಗೋಡೆಗೆ ತಾಗದಂತೆ ಇಡಿ. ಮನೆ ನೋಡುವಾಗಲೇ ಈ ಮೂರು ಎಲ್ಲಿವೆ ಎಂದು ಗುರುತಿಸಿಕೊಂಡರೆ ಕೋಣೆ ಹಂಚಿಕೆ ತಾನಾಗಿ ತೀರ್ಮಾನವಾಗುತ್ತದೆ.

ಗಾಳಿ

ಎರಡು ಕಡೆ ಎತ್ತರದ ಕಟ್ಟಡಗಳಿರುವ ಕಿರಿದಾದ ಬೀದಿ ಕಣಿವೆಯಂತೆ ವರ್ತಿಸುತ್ತದೆ. ಮೇಲೆ ಬೀಸುವ ಗಾಳಿ ಒಳಗಿಳಿದು ಸುಳಿಯಾಗಿ ತಿರುಗುತ್ತದೆ, ವಾಹನದ ಹೊಗೆ ಹೊರಹೋಗದೆ ಅಲ್ಲೇ ಸುತ್ತುತ್ತದೆ. ಬೀದಿಗೆ ಅಡ್ಡಲಾಗಿ ಗಾಳಿ ಬೀಸುವಾಗ ಹೊಗೆ ಹೆಚ್ಚು ಹತ್ತುವುದು ಗಾಳಿಗೆ ಎದುರಾಗಿ ನಿಂತ ಸಾಲಿಗಲ್ಲ, ಗಾಳಿ ಬರುವ ಕಡೆಯ ಸಾಲಿಗೆ. ಸುಳಿ ನೆಲಮಟ್ಟದ ಹೊಗೆಯನ್ನು ಆ ಗೋಡೆಯತ್ತ ಹಿಂದಕ್ಕೆ ಎಳೆದು ಮೇಲೇರಿಸುತ್ತದೆ. ವರ್ಷದ ಹೆಚ್ಚಿನ ಕಾಲ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ತಿಳಿದಿದ್ದರೆ ಬೀದಿಯ ಯಾವ ಬದಿ ವಾಸಿ ಎಂದು ಹೇಳಬಹುದು. ಎತ್ತರ ಹೆಚ್ಚಿದಂತೆ ಹೊಗೆ ತೆಳುವಾಗುತ್ತದೆ.

ಶುದ್ಧಿಯಂತ್ರ ಕೊಳ್ಳುವುದಾದರೆ ಜಾಹೀರಾತಿನ ಚದರಡಿ ಲೆಕ್ಕ ಬಿಟ್ಟು ನೀವೇ ಗುಣಿಸಿ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 2.7 ಮೀಟರ್ ಎತ್ತರವಿದ್ದರೆ 32.4 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶೋಧಿಸಬೇಕೆಂದರೆ 162. ಅಂದರೆ ಗಂಟೆಗೆ 162 ಘನ ಮೀಟರ್ ಶುದ್ಧ ಗಾಳಿಯನ್ನು *ನಡುವೇಗದಲ್ಲಿ* ಕೊಡುವ ಯಂತ್ರ ಬೇಕು. ಡಬ್ಬದ ಮೇಲೆ ಬರೆದಿರುವುದು ಪೂರ್ಣವೇಗದ ಅಂಕಿ, ಆ ಸದ್ದಿನಲ್ಲಿ ಯಾರೂ ಮಲಗುವುದಿಲ್ಲ. ಹೆಪಾ (HEPA) ಎಂಬ ನುಣ್ಣನೆಯ ಜರಡಿ ದೂಳನ್ನು ಹಿಡಿಯುತ್ತದೆ, ಡೀಸೆಲ್ ಹೊಗೆಯ ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲವನ್ನು ಹಿಡಿಯುವುದಿಲ್ಲ. ಅದಕ್ಕೆ ಇದ್ದಿಲು ತುಂಬಿದ ಜರಡಿ ಬೇಕು. ತೆಳ್ಳನೆಯ ಕಪ್ಪು ಬಟ್ಟೆಯಂಥದ್ದಲ್ಲ, ಕಾಳು ಕಾಳಾದ ಇದ್ದಿಲು ಕೈಗೆ ಭಾರವಾಗುವಷ್ಟು ಇರಬೇಕು.

ಹಾಗೆಂದು ಕಿಟಕಿ ಮುಚ್ಚಿಯೇ ಇಡುವಂತಿಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು. ಇಬ್ಬರು ಮಲಗಿದ, ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ 2,000 ದಾಟುವುದು ಸಾಮಾನ್ಯ. ಎದ್ದಾಗಿನ ತಲೆಭಾರಕ್ಕೆ ಅದೂ ಒಂದು ಕಾರಣವಿರಬಹುದು. ಸಂದುಗಳನ್ನೆಲ್ಲ ಮುಚ್ಚಿದ ಮೇಲೆ ಕೋಣೆಯ ಬಾಗಿಲು ತೆರೆದಿಟ್ಟು, ರಸ್ತೆಯಿಂದ ದೂರದ ಬದಿಯ ಒಂದು ಕಿಟಕಿ ಎರಡು ಬೆರಳಷ್ಟು ತೆರೆದಿಡಿ. ಪೂರ್ತಿ ಗಾಳಿಯಾಡಿಸಲು ವಾಹನ ಕಡಿಮೆಯಿರುವ ಹೊತ್ತು ನೋಡಿಕೊಳ್ಳಿ. ಚಳಿಗಾಲದ ನಿಶ್ಚಲ ಮುಂಜಾವಿನಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ: ತಣ್ಣನೆಯ ಗಾಳಿ ನೆಲಕ್ಕಂಟಿ ರಾತ್ರಿಯ ಹೊಗೆಯನ್ನು ಹಾಗೇ ಹಿಡಿದಿಟ್ಟಿರುತ್ತದೆ. ಅಂಥ ದಿನ ಬಿಸಿಲೇರುವವರೆಗೆ ಕಾಯಿರಿ.

ಗೋಪುರಗಳಿಗೆ ಬಡಿದ ಗಾಳಿ ಗೋಡೆಯಗುಂಟ ಕೆಳಗಿಳಿದು ಮೂಲೆಗಳಲ್ಲಿ ನುಗ್ಗುತ್ತದೆ. ಮೂಲೆಯ ಬಾಲ್ಕನಿಯಲ್ಲಿ ಹಗುರವಾದ ಕುಂಡ, ಮಡಚುವ ಕುರ್ಚಿ, ಕಟ್ಟದ ಬಟ್ಟೆ ಸ್ಟ್ಯಾಂಡ್ ಇಡಬೇಡಿ. ಇಪ್ಪತ್ತನೇ ಮಹಡಿಯಿಂದ ಬೀಳುವ ಕುಂಡ ಕುಂಡವಾಗಿ ಉಳಿಯುವುದಿಲ್ಲ.

ನೀರು, ಕೊಳವೆ, ಇಲಿ

ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ತಾರಸಿ ಟ್ಯಾಂಕಿನ ನೇರ ಕೆಳಗಿನ ಮಹಡಿಯಲ್ಲಿ ಷವರಿಗೂ ಟ್ಯಾಂಕಿಗೂ 3 ಮೀಟರ್ ಅಂತರವಿದ್ದರೆ ಸಿಗುವುದು 0.3 ಬಾರ್. ಬಿಸಿ ತಣ್ಣೀರು ಬೆರೆಸುವ ಹೆಚ್ಚಿನ ಷವರುಗಳು 1 ಬಾರ್ ಆದರೂ ಕೇಳುತ್ತವೆ. ಆದ್ದರಿಂದ ಮೇಲಿನ ಮೂರು ಮಹಡಿಗಳಿಗೆ ಒತ್ತಡ ಹೆಚ್ಚಿಸುವ ಪಂಪ್ ಇದೆಯೇ, ಅದು ಜನರೇಟರಿಗೆ ಸೇರಿದೆಯೇ ಎಂದು ಕೇಳಿ. ಹದಿನೈದು ಮಹಡಿ ಕೆಳಗಿರುವವರಿಗೆ ಇದರ ತದ್ವಿರುದ್ಧ ಸಮಸ್ಯೆ: ನಾಲ್ಕೂವರೆ ಬಾರ್. ಒತ್ತಡ ತಗ್ಗಿಸುವ ವಾಲ್ವ್ ಇಲ್ಲದಿದ್ದರೆ ನಲ್ಲಿ ನಿಲ್ಲಿಸಿದಾಗಲೆಲ್ಲ ಪೈಪ್ 'ಧಡ್' ಎನ್ನುತ್ತದೆ, ಬಟ್ಟೆ ತೊಳೆಯುವ ಯಂತ್ರದ ಕೊಳವೆ ಒಂದು ದಿನ ಒಡೆಯಲೂಬಹುದು. ಪರೀಕ್ಷೆ ಸುಲಭ: ಷವರಿನ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಎಣಿಸಿ. 60ರಿಂದ 75 ಸೆಕೆಂಡಿನಲ್ಲಿ ತುಂಬಿದರೆ ಚೆನ್ನ. ಎರಡು ನಿಮಿಷ ಬೇಕಾದರೆ ಸ್ನಾನಕ್ಕೆ ಬಕೆಟ್ಟೇ ಗತಿ.

ಕೆಳಗೆ ಹೋಟೆಲ್ ಇರುವ ಕಟ್ಟಡದಲ್ಲಿ ಇಲಿ ಜಿರಳೆ ಬರುವ ದಾರಿ ಅಡುಗೆಮನೆ ಸಿಂಕಿನ ಕೆಳಗಿನ ಪೈಪ್ ತೂತು. ಸುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು. ಬರೀ ಸೀಲಂಟ್ ಹಾಕಿದರೆ ಕಡಿದು ಬರುತ್ತದೆ. ಮೊದಲು ಉಕ್ಕಿನ ನಾರು ತುರುಕಿ, ಅದರ ಮೇಲೆ ಸಿಮೆಂಟ್ ಮೆತ್ತಿ. ಬಳಸದ ಬಚ್ಚಲಿನ ಜಾಲರಿಯಿಂದ ವಾಸನೆ ಬರುತ್ತಿದ್ದರೆ ಅದರಡಿಯ ಬಾಗುಕೊಳವೆಯ ನೀರು ಆರಿಹೋಗಿದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿಯಿರಿ, ಊರಿಗೆ ಹೋಗುವಾಗ ಮೇಲೊಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆರುವುದು ನಿಧಾನವಾಗುತ್ತದೆ.

ಫೋನ್ ಸಿಗ್ನಲ್ ಬಗ್ಗೆ ಒಂದೇ ಮಾತು. ಶಾಖ ತಡೆಯಲು ಗಾಜಿಗೆ ಹಚ್ಚುವ ತೆಳು ಲೋಹದ ಲೇಪ ಸಿಗ್ನಲನ್ನೂ ತಡೆಯುತ್ತದೆ. ಮೊಬೈಲ್ ಗೋಪುರ ಪಕ್ಕದಲ್ಲೇ ಇದ್ದರೂ ಒಳಗೆ ಒಂದೇ ಗೆರೆ ಕಾಣುವುದು ಇದಕ್ಕೇ. ವೈಫೈ ಮೂಲಕ ಕರೆ ಹೋಗುವಂತೆ ಹೊಂದಿಸಿಕೊಳ್ಳಿ.

ಮನೆಗೆ ದಾರಿ ಹೇಳುವುದು

ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ನಕ್ಷೆ ನಿಮ್ಮನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸುತ್ತದೆ. ಚಾಲಕರ ಮೇಲೆ ರೇಗಿ ಫಲವಿಲ್ಲ. ವಿಳಾಸದ ಜೊತೆ ಎರಡು ಸಾಲು ಬರೆದಿಟ್ಟುಕೊಳ್ಳಿ: ಯಾವ ಬೀದಿಯ ಗೇಟು, ಅದರ ಎದುರಿಗೆ ಕಾಣುವುದೇನು, ವಾಹನ ಎಲ್ಲಿ ನಿಲ್ಲಿಸಬಹುದು, ಯಾವ ಲಿಫ್ಟ್. ಇದೇ ಸಾಲುಗಳನ್ನು ಆಂಬುಲೆನ್ಸಿಗಾಗಿ ಬಾಗಿಲ ಒಳಬದಿಗೂ ಅಂಟಿಸಿ. ಗಾಬರಿಯಲ್ಲಿ ಗೇಟಿನ ಸಂಖ್ಯೆ ನೆನಪಿಗೆ ಬರುವುದಿಲ್ಲ.

ವಾಹನಕ್ಕೆ ಪ್ರವೇಶ ಶುಲ್ಕವಿರುವ ವಲಯವೇ ಎಂಬುದನ್ನೂ ನೋಡಿ. ಲಂಡನ್ನಿನ ನಡುಭಾಗದಲ್ಲಿ 2003ರ ಫೆಬ್ರುವರಿಯಿಂದ, ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 60ನೇ ಬೀದಿಯಿಂದ ಕೆಳಕ್ಕೆ 2025ರ ಜನವರಿ 5ರಿಂದ ಇಂಥ ಶುಲ್ಕವಿದೆ. ನಿಮಗೆ ಕಾರಿಲ್ಲದಿದ್ದರೂ ಪ್ಲಂಬರ್ ತನ್ನ ಬಿಲ್ಲಿನಲ್ಲಿ ಅದನ್ನು ಸೇರಿಸಿಯೇ ಕೊಡುತ್ತಾನೆ.

ಗೇಟಿನೊಳಗಿನ ಬಡಾವಣೆಗಳು

ಕಚೇರಿ ಪ್ರದೇಶದ ಮಗ್ಗುಲಲ್ಲೇ ಗೇಟು ಹಾಕಿದ, ಮರಗಳಿರುವ, ತಗ್ಗಿನ ಮನೆಗಳ ಬಡಾವಣೆಗಳು ಹಲವು ನಗರಗಳಲ್ಲಿವೆ. ಫಿಲಿಪ್ಪೀನ್ಸಿನ ಮಕಾಟಿ ನಗರದ ಫೋರ್ಬ್ಸ್ ಪಾರ್ಕ್ ಅಂಥದ್ದು. ಇನ್ನೊಂದು ಬಗೆ, ಒಟ್ಟಾಗಿ ಯೋಜಿಸಿ ಕಟ್ಟಿದ ವಸತಿ ಸಮುಚ್ಚಯ. ಲಂಡನ್ನಿನ ಬಾರ್ಬಿಕನ್ನಿನಲ್ಲಿ ಸುಮಾರು 2,000 ಮನೆಗಳಿವೆ. ಎರಡರಲ್ಲೂ ಶಾಂತಿ ಸಿಗುತ್ತದೆ, ಆದರೆ ಅದು ನಿಯಮಗಳ ಬೆಲೆಗೆ ಸಿಗುವ ಶಾಂತಿ. ನಿಯಮಾವಳಿಯ ಪ್ರತಿಯನ್ನು ಕರಾರಿಗೆ ಮುಂಚೆಯೇ ಕೇಳಿ ಓದಿ. 'ಆಮೇಲೆ ಕೊಡುತ್ತೇವೆ' ಎಂದರೆ ಕೊಡುವವರೆಗೆ ಸಹಿ ಬೇಡ.

ಮೊದಲು ನೋಡಬೇಕಾದದ್ದು ಕಾಲ್ನಡಿಗೆಯ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದು. ನಿಲ್ದಾಣ 300 ಮೀಟರಿನಲ್ಲಿದೆ ಎಂದು ಮನೆ ಹಿಡಿದಿರುತ್ತೀರಿ. ರಾತ್ರಿ 10ಕ್ಕೆ ಆ ಪುಟ್ಟ ಗೇಟು ಮುಚ್ಚಿದರೆ ಸುತ್ತು ಹಾಕಿ ಒಂದೂವರೆ ಕಿಲೋಮೀಟರ್ ನಡೆಯಬೇಕಾದೀತು. ಆಮೇಲೆ ರಿಪೇರಿ ಕೆಲಸಕ್ಕೆ ಅನುಮತಿಯಿರುವ ಗಂಟೆಗಳು, ಅತಿಥಿಗಳ ವಾಹನಕ್ಕೆ ಜಾಗ, ದಿನಬಾಡಿಗೆಗೆ ಕೊಡುವವರ ಸಂಖ್ಯೆ. ಕಚೇರಿ ಪ್ರದೇಶದಲ್ಲಿ ಈ ಕೊನೆಯದು ಜಾಸ್ತಿ, ಪಕ್ಕದ ಮನೆಯ ಮುಖ ವಾರಕ್ಕೆರಡು ಸಲ ಬದಲಾಗುತ್ತದೆ.

ಕೊಳ್ಳುವವರು ಇನ್ನೆರಡು ಕಾಗದ ನೋಡಬೇಕು. ಒಂದು, ನೆಲ ಯಾರದು. ನ್ಯೂಯಾರ್ಕಿನ ಬ್ಯಾಟರಿ ಪಾರ್ಕ್ ಸಿಟಿಯಲ್ಲಿ ಕಟ್ಟಡಗಳು ನಿಂತಿರುವುದು ಸಾರ್ವಜನಿಕ ಪ್ರಾಧಿಕಾರವೊಂದರ ಗುತ್ತಿಗೆ ನೆಲದ ಮೇಲೆ. ಅಂಥ ಕಡೆ ಮನೆ ನಿಮ್ಮದಾದರೂ ನೆಲಬಾಡಿಗೆ ನಿಲ್ಲುವುದಿಲ್ಲ, ಗುತ್ತಿಗೆಯ ವರ್ಷ ಕಡಿಮೆಯಾದಂತೆ ಸಾಲ ಸಿಗುವುದೂ ಕಷ್ಟ. ಇನ್ನೊಂದು, ದೊಡ್ಡ ದುರಸ್ತಿಗೆಂದು ಕೂಡಿಟ್ಟ ನಿಧಿ. ಲಿಫ್ಟುಗಳಿಗೆ 20–25 ವರ್ಷ ಆಯಸ್ಸು. ಕಟ್ಟಡಕ್ಕೆ 18 ವರ್ಷವಾಗಿದ್ದು ನಿಧಿ ಖಾಲಿಯಿದ್ದರೆ, ಹೊಸ ಲಿಫ್ಟಿನ ಪಾಲು ನಿಮ್ಮ ಮನೆ ಬಾಗಿಲಿಗೇ ಬರುತ್ತದೆ.

ಸಾಮಾನು ಸಾಗಿಸುವ ದಿನ

ಸರಕು ಲಿಫ್ಟ್ ಮತ್ತು ಲಾರಿ ನಿಲ್ಲಿಸುವ ಜಾಗ ಎರಡನ್ನೂ ಮೊದಲೇ ಕಾದಿರಿಸಿ, ಎರಡಕ್ಕೂ ಅನುಮತಿ ಕೊಡುವವರು ಬೇರೆ ಬೇರೆ ಆಗಿರುವುದೇ ಹೆಚ್ಚು. ಲಿಫ್ಟ್ ಸಿಕ್ಕಿ ಜಾಗ ಸಿಗದಿದ್ದರೆ ಕೂಲಿಯವರು ಸುಮ್ಮನೆ ಕೂತ ಗಂಟೆಗೂ ಹಣ ಕೊಡಬೇಕು. ಶನಿವಾರ ಮಧ್ಯಾಹ್ನ ರಸ್ತೆ ಖಾಲಿ, ಆದರೆ ಓಟದ ಸ್ಪರ್ಧೆ, ಮೆರವಣಿಗೆ, ಕ್ರೇನ್ ಕೆಲಸಕ್ಕೆಂದು ರಸ್ತೆ ಮುಚ್ಚುವುದೂ ವಾರಾಂತ್ಯದಲ್ಲೇ. ಆ ವಾರದ ಸಂಚಾರ ಪ್ರಕಟಣೆ ನೋಡಿಕೊಳ್ಳಿ.

ಲಿಫ್ಟಿನ ಒಳಗನ್ನು ಟೇಪ್ ಹಿಡಿದು ಅಳೆಯಿರಿ. ಎಂಟು ಜನರ, 630 ಕಿಲೋ ಲಿಫ್ಟಿನ ಸಾಮಾನ್ಯ ಅಳತೆ 1.1 ಮೀಟರ್ ಅಗಲ, 1.4 ಮೀಟರ್ ಆಳ. ಮೂಲೆಯಿಂದ ಮೂಲೆಗೆ 1.78 ಮೀಟರ್. ಒಂದೂವರೆ ಮೀಟರ್ ಅಗಲದ ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಿ ಓರೆಯಾಗಿ ತಿರುಗಿಸಿದರೆ ಕಷ್ಟಪಟ್ಟು ಹಿಡಿಸುತ್ತದೆ. 1.8 ಮೀಟರಿನದು ಹಿಡಿಸುವುದಿಲ್ಲ. ಅದನ್ನು ಮೆಟ್ಟಿಲ ಮೇಲೆ ಹೊರಿಸಬೇಕು, ಇಲ್ಲವೇ ಸುರುಳಿ ಸುತ್ತಿ ಬರುವ ಹಾಸಿಗೆಯನ್ನೇ ಕೊಳ್ಳಬೇಕು. ಹೊರಿಸುವುದಾದರೆ ಮೆಟ್ಟಿಲಿನ ತಿರುವಿನ ಅಗಲವನ್ನೂ ಅದೇ ಟೇಪಿನಲ್ಲಿ ಅಳೆದುಕೊಳ್ಳಿ. ಅಗ್ನಿಶಾಮಕ ದಳದ ಸಾಮಾನ್ಯ ಏಣಿ 30 ಮೀಟರ್ ಆಸುಪಾಸಿನವರೆಗೆ ಮಾತ್ರ ಎಟುಕುವುದರಿಂದ, ಅದಕ್ಕಿಂತ ಮೇಲಿನ ಮನೆಗಳಿಗೆ ಆಪತ್ತಿನಲ್ಲಿ ಇರುವ ದಾರಿ ಆ ಮೆಟ್ಟಿಲೊಂದೇ. ಅಳೆಯಲು ಹೋದಾಗ ಕೆಳಗಿನವರೆಗೂ ಇಳಿದು, ಕೊನೆಯ ಬಾಗಿಲು ಬೀದಿಗೆ ತೆರೆಯುತ್ತದೆಯೇ, ಅದಕ್ಕೆ ಬೀಗ ಹಾಕಿದ್ದಾರೆಯೇ ನೋಡಿ ಬನ್ನಿ.